ಗೋಣಿಕೊಪ್ಪದ ಹಳೇ ಸಾಮಾನಿನ ಹರಾಜು: ಐದಕ್ಕೆ ಮೂರು ಸ್ಟಾರ್

ಹಳೇ ಮನೆಗಳ ಸಾಮಾನು ತಂದು ಭಾನುವಾರ ಹರಾಜು ಹಾಕುವ ಅಂಗಡಿ ಇದು. ಹೆಸರು ಬೇಡ ಬಿಡಿ. ನನಗೆ ಬೇಕಿದ್ದದ್ದು ಒಂದು ಬೀಟೆ ಮರದ ಪೆಟ್ಟಿಗೆ. ಎಂಟು ಸಾವಿರದ ಮೇಲೆ ಒಂದು ರೂಪಾಯಿ ಕೊಡಲ್ಲ ಅಂತ ಮನೆಯಲ್ಲಿ ಹೇಳಿಯೇ ಹೊರಟಿದ್ದೆ. ತಂದದ್ದು 13,500ಕ್ಕೆ.

ಏಳು ಸಾವಿರದವರೆಗೆ ಐದಾರು ಜನ ಕೂಗುತ್ತಿದ್ದರು. ಆಮೇಲೆ ಉಳಿದದ್ದು ನಾನು, ಇನ್ನೊಬ್ಬರು ಮಂಕಿ ಟೋಪಿ ಹಾಕಿದ್ದ ಹಿರಿಯರು. ನಾನು ಐನೂರು ಏರಿಸಿದರೆ ಅವರು ತಿರುಗಿಯೂ ನೋಡದೆ ಎರಡು ಬೆರಳು ಎತ್ತುತ್ತಿದ್ದರು. ಹತ್ತು ಸಾವಿರ ದಾಟಿದ ಮೇಲೆ ನನಗೆ ಪೆಟ್ಟಿಗೆ ಕಾಣುತ್ತಲೇ ಇರಲಿಲ್ಲ, ಬರೀ ಆ ಟೋಪಿ. ಒಂದು ಸಲ, ಎರಡು ಸಲ, ಮೂರು ಸಲ ಅಂದದ್ದೇ ತಡ, ಅವರು ನಕ್ಕು ಟೀ ಕುಡಿಯಲು ಎದ್ದು ಹೋದರು. ಮನೆಗೆ ತಂದು ಮಗುಚಿ ನೋಡಿದರೆ ತಳ ಪ್ಲೈವುಡ್, ಮೊಳೆ ಹೊಳೆಯುವ ಹೊಸ ಮೊಳೆ. ಹರಾಜಿಗೆ ಮುಂಚೆ ಸಾಮಾನು ಮುಟ್ಟಲು ಬಿಟ್ಟಿದ್ದು ಐದೇ ನಿಮಿಷ, ಸ್ಟಾರ್ ಕಡಿಮೆಯಾದದ್ದು ಅದಕ್ಕೇ.

ನಾಚಿಕೆ ಯಾಕೆಂದರೆ ನಾನು ಕಾಫಿ ಬೆಳೆಯುವವನು. ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಬೀಜ ಸಿಗುತ್ತದೆಂದು ನೋಡದೆ ಚೆರ್ರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ರೇಟು ಹೇಳುವ ವ್ಯಾಪಾರಿಯನ್ನು ನೋಡಿ ನಗುವವರು ನಾವು. 50 ಕೆಜಿ ಮೂಟೆಯಲ್ಲಿ ಬೀಜ ಎಷ್ಟು ಸಿಗುತ್ತದೆಂದು ಯಾರು ಜಾಸ್ತಿ ಅಂದಾಜು ಹಾಕುತ್ತಾನೋ ಮಾಲು ಅವನಿಗೇ, ನಷ್ಟವೂ ಅವನಿಗೇ ಅಲ್ವಾ? ಇದಕ್ಕೆ ಅರ್ಥಶಾಸ್ತ್ರದವರು ವಿನ್ನರ್ಸ್ ಕರ್ಸ್, ಅಂದರೆ ಗೆದ್ದವನ ಶಾಪ ಅನ್ನುತ್ತಾರೆ. ಬೇಜರ್‌ಮನ್ ಮತ್ತು ಸ್ಯಾಮುಯೆಲ್ಸನ್ ಎಂಬಿಬ್ಬರು ಬಾಸ್ಟನ್‌ನ ಎಂಬಿಎ ಹುಡುಗರ ಮುಂದೆ ನಾಣ್ಯ, ಪೇಪರ್ ಕ್ಲಿಪ್ಪು ತುಂಬಿದ ಜಾಡಿಗಳನ್ನಿಟ್ಟು ಹರಾಜು ಹಾಕಿದ್ದರು, 1983ರಲ್ಲಿ ಅದು ಪ್ರಕಟವಾಯಿತು. ಒಂದೊಂದು ಜಾಡಿಯ ಬೆಲೆ 8 ಡಾಲರ್. ಹುಡುಗರ ಅಂದಾಜು ಸರಾಸರಿ 5.13, ಅಂದರೆ ಕಡಿಮೆಯೇ. ಆದರೂ ಗೆದ್ದವರು ಸರಾಸರಿ 10.01 ಕೊಟ್ಟರು!

ಈ ಅಂಗಡಿಯಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಚೀಟಿ ಡಬ್ಬ. ಸಣ್ಣ ಸಾಮಾನಿಗೆ ಕೂಗುವುದಿಲ್ಲ, ರೇಟು ಬರೆದು ಡಬ್ಬಕ್ಕೆ ಹಾಕಬೇಕು. ಜಾಸ್ತಿ ಬರೆದವರಿಗೆ ಸಾಮಾನು, ಆದರೆ ಕೊಡಬೇಕಾದದ್ದು ಎರಡನೆಯವರು ಬರೆದ ರೇಟು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಬರೆದದ್ದು ಇದೇ ಪದ್ಧತಿಯ ಬಗ್ಗೆ, 1996ರಲ್ಲಿ ಅವರಿಗೆ ನೊಬೆಲ್ ಬಂತು. ನಿಮಗೆ ಎಷ್ಟು ಬೆಲೆ ಅನ್ನಿಸುತ್ತದೋ ಅಷ್ಟೇ ಬರೆದರೆ ಆಯಿತು, ತಲೆ ಓಡಿಸುವ ಅಗತ್ಯವೇ ಇಲ್ಲ. ಹಿತ್ತಾಳೆ ಕಾಫಿ ಫಿಲ್ಟರ್‌ಗೆ 900 ಬರೆದೆ, 650ಕ್ಕೆ ಸಿಕ್ಕಿತು. ತಮಾಷೆ ಏನೆಂದರೆ ಲ್ಯಾಬ್ ಪ್ರಯೋಗಗಳಲ್ಲಿ ಇದು ಉಲ್ಟಾ: ಕೂಗುವ ಹರಾಜಿನಲ್ಲಿ ಜನ ಸರಿಯಾದ ಕಡೆ ನಿಲ್ಲಿಸುತ್ತಾರೆ, ಈ ಚೀಟಿ ಪದ್ಧತಿಯಲ್ಲೇ ಸುಮ್ನೆ ಜಾಸ್ತಿ ಬರೆಯುತ್ತಾರೆ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ವಸ್ತುವಿನ ಬೆಲೆ ಮೊದಲೇ ಹೇಳಿಟ್ಟಿರುತ್ತಾರೆ. ಮಂಕಿ ಟೋಪಿಯವರೂ ಇರುವುದಿಲ್ಲ.

ಬಿಲ್ ಸರಿಯಾಗಿ ಕೊಡುತ್ತಾರೆ, ಜೀಪಿಗೆ ಹತ್ತಿಸಲು ಹುಡುಗರೂ ಇದ್ದಾರೆ. ಪಾರ್ಕಿಂಗ್ ಮಾತ್ರ ಕೇಳಬೇಡಿ. ಹರಾಜು ಹತ್ತಕ್ಕೆ ಶುರು. ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ನಿಂತು, ಆ ಐದು ನಿಮಿಷದಲ್ಲಿ ಟಾರ್ಚ್ ಹಿಡಿದು ಮೊದಲು ತಳ ನೋಡಿ.