ರಿಟೈರ್ ಆದವರೇ, ಬ್ಯಾಂಕಿನಲ್ಲಿ ಎಫ್‌ಡಿ ಅಂತ ಕೊಡೋದೆಲ್ಲ ಎಫ್‌ಡಿ ಅಲ್ಲ!

ಮನೆಯಲ್ಲಿ ಯಾರಾದರೂ ಈ ವರ್ಷ ರಿಟೈರ್ ಆಗ್ತಿದ್ದರೆ ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಯಾರಿಗೂ ಹೇಳಬೇಡ ಅಂತಿದ್ದ ಅಪ್ಪನನ್ನು ಒಪ್ಪಿಸಿ ಬರೆಯುತ್ತಿದ್ದೇನೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದರು. ಸರ್ಕಾರಿ ನೌಕರರ ಥರ ಪೆನ್ಶನ್ ಇಲ್ಲ. ಪಿಎಫ್ ಜೊತೆಗಿರೋ ಪೆನ್ಶನ್ ಯೋಜನೆ ಇಪಿಎಸ್-95ರಲ್ಲಿ ಬರೋದು ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಉಳಿದದ್ದಕ್ಕೆಲ್ಲ ಪಿಎಫ್, ಗ್ರಾಚ್ಯುಟಿಯ ಗಂಟೇ ಗತಿ. ಆ ಗಂಟನ್ನು ಎಲ್ಲಿಡಬೇಕು ಅಂತ ಸರ್ವಿಸಿನುದ್ದಕ್ಕೂ ಒಬ್ಬರೂ ಹೇಳಿಕೊಡಲಿಲ್ಲ. ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು, ಅಷ್ಟೇ.

ದುಡ್ಡು ಖಾತೆಗೆ ಬಿದ್ದ ವಾರದಲ್ಲೇ ಬ್ಯಾಂಕಿನಿಂದ ಫೋನು. (ಯಾವ ಬ್ಯಾಂಕು ಅಂತ ಹೇಳಲ್ಲ, ದೂರು ನಡೀತಿದೆ.) ಟೈ ಕಟ್ಟಿದ ಹುಡುಗನೊಬ್ಬ ‘ಅಂಕಲ್, ಅಂಕಲ್’ ಅಂತ ಕೂರಿಸಿ ಕಾಫಿ ತರಿಸಿದನಂತೆ. ‘ಎಫ್‌ಡಿ ಥರಾನೇ ಅಂಕಲ್, ಬಡ್ಡಿ ಜಾಸ್ತಿ, ಮೇಲೆ ಇನ್ಶೂರೆನ್ಸ್ ಫ್ರೀ.’ ನಾಲ್ಕು ಲಕ್ಷ. ಪೆನ್ಸಿಲ್‌ನಲ್ಲಿ ಇಂಟು ಮಾರ್ಕ್ ಹಾಕಿದ ಕಡೆಯೆಲ್ಲ ಸಹಿ. ‘ಒಂದು ಕಾಲ್ ಬರುತ್ತೆ, ಎಲ್ಲದಕ್ಕೂ ಎಸ್ ಅನ್ನಿ. ಸುಮ್ನೆ ಫಾರ್ಮ್ಯಾಲಿಟಿ.’

ಮುಂದಿನ ವರ್ಷ ಅಪ್ಪನ ಮೊಬೈಲಿಗೆ ಮೆಸೇಜ್ ಬಂತು. ಓದಿ ಹೇಳಿದೆ: ರಿನ್ಯೂವಲ್ ಪ್ರೀಮಿಯಂ 4,00,000 ರೂಪಾಯಿ ಕಟ್ಟಬೇಕಂತೆ. ಅಪ್ಪ ನಕ್ಕರು. ‘ಯಾರದ್ದೋ ನಮಗೆ ಬಂದಿರಬೇಕು ಬಿಡಮ್ಮ. ನಂದು ಎಫ್‌ಡಿ.’ ಬೀರು ತೆಗೆದು ಬಾಂಡ್ ಹುಡುಕಿದರು. ಸಿಕ್ಕಿದ್ದು ಬಣ್ಣದ ಫೋಲ್ಡರು, ಒಳಗೊಂದು ರಸೀದಿ. ಯೂಲಿಪ್ ಪಾಲಿಸಿ! ಅಂದರೆ ಕಟ್ಟಿದ ದುಡ್ಡಲ್ಲಿ ಒಂದಿಷ್ಟು ವಿಮೆಗೆ, ಉಳಿದದ್ದು ಷೇರುಪೇಟೆಯಂಥ ಕಡೆ ಹಾಕೋ ಫಂಡಿಗೆ. ವರ್ಷಕ್ಕೆ ನಾಲ್ಕು ಲಕ್ಷದಂತೆ ಐದು ವರ್ಷ. ಇಪ್ಪತ್ತು ಲಕ್ಷ! ನನ್ನ ಮದುವೆ ಸಾಲ ತೀರಿಸಿದ ಮೇಲೆ ಅವರ ಹತ್ತಿರ ಉಳಿದಿದ್ದೇ ಅಷ್ಟಿಲ್ಲ. ಅಪ್ಪ ಮಾತಾಡಲಿಲ್ಲ. ರಸೀದಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಹಿಂದೆ ಬೇರೆ ಏನಾದರೂ ಬರೆದಿದೆಯೇನೋ ಅಂತ.

ಬ್ರಾಂಚಿಗೆ ಹೋದೆವು. ಆ ಹುಡುಗ ಕೆಲಸ ಬಿಟ್ಟಿದ್ದಾನಂತೆ. ಮ್ಯಾನೇಜರ್ ಉತ್ತರ ಇದ್ದಹಾಗೆ ಬರೀತೀನಿ.

‘ಸಾರ್ ಸಹಿ ಹಾಕಿದ್ದಾರಲ್ಲಮ್ಮ.’

‘ಕಾಲ್‌ನಲ್ಲಿ ಎಸ್ ಅಂದಿದ್ದಾರೆ, ರೆಕಾರ್ಡ್ ಇದೆ.’

‘ಬೇಡ ಅಂದಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದಿತ್ತಲ್ಲ?’

ಪಾಲಿಸಿ ಬಂದೇ ಇಲ್ಲ ಸಾರ್, ಅಂದೆ. ‘ಇ-ಮೇಲ್‌ಗೆ ಹೋಗಿದೆ.’ ಅಪ್ಪನಿಗೆ ಇ-ಮೇಲೇ ಇಲ್ಲ! ಅರ್ಜಿ ತೆಗೆಸಿ ನೋಡಿದರೆ ಅವರ ಹೆಸರಲ್ಲಿ ಒಂದು ಇ-ಮೇಲ್ ವಿಳಾಸ ಇದೆ, ಯಾರು ಮಾಡಿದ್ದೋ. ಉದ್ಯೋಗ: ವ್ಯಾಪಾರ. ವರ್ಷದ ಆದಾಯ: 15 ಲಕ್ಷ. ಮೂರು ಸಾವಿರ ಪೆನ್ಶನ್ನಿನ ಮನುಷ್ಯನಿಗೆ 15 ಲಕ್ಷ ಆದಾಯ! ಇದನ್ನು ತೋರಿಸಿದರೂ ಅವರದ್ದು ಅದೇ ಮಾತು. ‘ಸಾರ್ ಸಹಿ ಹಾಕಿದ್ದಾರಲ್ಲಮ್ಮ.’

ಸರಿ, ಮುಂದೆ ಕಟ್ಟಲ್ಲ, ದುಡ್ಡು ಕೊಡಿ ಅಂದರೆ ‘ಐದು ವರ್ಷ ಲಾಕ್-ಇನ್, ಆಮೇಲೆ ಬನ್ನಿ.’ ಅಲ್ಲೀವರೆಗೆ ಶುಲ್ಕ ಮುರಿದುಕೊಂಡು ಬೇರೆ ಫಂಡಿನಲ್ಲಿ ಇಡ್ತಾರೆ, ಕನಿಷ್ಠ ಶೇ 4 ಬಡ್ಡಿ. ಅದೇ ನಾಲ್ಕು ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದರೆ ಆಗ ಇದ್ದ ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 8,200 ರೂಪಾಯಿ ಕೈಗೆ ಬರ್ತಿತ್ತು. ಪೋಸ್ಟ್ ಆಫೀಸೇ ಆಗಬೇಕು ಅಂತಿಲ್ಲ, ಅದೇ ಬ್ಯಾಂಕಿನಲ್ಲೂ ಸಿಗುತ್ತೆ. ಆ ಹುಡುಗ ಅದರ ಸುದ್ದಿಯೇ ಎತ್ತಲಿಲ್ಲ. ಎತ್ತಿದರೆ ಅವನ ಟಾರ್ಗೆಟ್ ತುಂಬೋದು ಹೇಗೆ?

ವಿಮಾ ಕಂಪನಿಗೆ ಬರೆದೆವು. ಗ್ರಾಹಕರು ತಾವಾಗಿಯೇ ಒಪ್ಪಿ ಸಹಿ ಮಾಡಿದ್ದಾರೆ ಅಂತ ಉತ್ತರ ಬಂತು. ಅದನ್ನೇ ಲಗತ್ತಿಸಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ) ದೂರು ಹಾಕಿದ್ದೇವೆ. ಫೀಸಿಲ್ಲ, ವಕೀಲರೂ ಬೇಡ. ಕಂಪನಿ ಒಂದು ತಿಂಗಳು ಉತ್ತರ ಕೊಡದಿದ್ದರೂ ಅಲ್ಲಿಗೆ ಹೋಗಬಹುದು.

ದುಡ್ಡು ಬಂದ ತಕ್ಷಣ ಎಲ್ಲೂ ಹಾಕಬೇಡಿ, ಸ್ವಲ್ಪ ದಿನ ಖಾತೆಯಲ್ಲೇ ಇರಲಿ. ಭರ್ತಿ ಮಾಡದ ಅರ್ಜಿಗೆ ಸಹಿ ಬೇಡವೇ ಬೇಡ. ಒಂದೇ ಸಲ ಕಟ್ಟೋದಾ, ವರ್ಷಾ ವರ್ಷ ಕಟ್ಟೋದಾ, ಬರೆದುಕೊಡಿ ಅನ್ನಿ. ಬರೆದುಕೊಡಲ್ಲ, ನೋಡ್ತಿರಿ. ಕಾಫಿ ತರಿಸಿದರೆ ಎದ್ದು ಬನ್ನಿ!

ಅಪ್ಪನ ಡಿಪೋದಲ್ಲಿ ಈ ತಿಂಗಳು ಇನ್ನಿಬ್ಬರು ರಿಟೈರ್ ಆಗ್ತಿದ್ದಾರೆ. ಒಬ್ಬರಿಗೆ ಆಗಲೇ ಅದೇ ಬ್ರಾಂಚಿನಿಂದ ಫೋನ್ ಹೋಗಿದೆಯಂತೆ. ಇದನ್ನು ಅವರ ಮಕ್ಕಳಿಗೂ ಕಳಿಸಿದ್ದೇನೆ.