ಕಟ್ ಹಾಕಿದಾಗ ಮಾತ್ರ ನಿಲ್ಲುತ್ತಿದ್ದ ಲೇತ್ ಮತ್ತು ಅಂತರಸನಹಳ್ಳಿಯ ಡ್ರೈವ್ ದುರಸ್ತಿ ಅಂಗಡಿ

ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿನ ಎರಡು ಲೇತ್‌ಗಳಲ್ಲಿ ದೊಡ್ಡದಕ್ಕೆ 5 ಎಚ್‌ಪಿ ಮೋಟಾರಿದ್ದು, ಮಾತುಮಾತಿಗೆ ಗೇರ್ ಬದಲಿಸದೆ, ತುಂಡನ್ನು ಹಿಡಿದು ತಿರುಗಿಸುವ ಚಕ್‌ನ ವೇಗವನ್ನು ಹೆಚ್ಚು ಕಡಿಮೆ ಮಾಡಲು ಅನುಕೂಲವಾಗಲೆಂದು ಏಳು ವರ್ಷಗಳ ಹಿಂದೆ ಅದಕ್ಕೆ ವಿಎಫ್‌ಡಿ, ಅಂದರೆ ಮೋಟಾರಿನ ವೇಗವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡ್ರೈವ್ ಹಾಕಿಸಿದ್ದೆ. ಕಳೆದ ಶ್ರಾವಣದಲ್ಲಿ ಈ ಡ್ರೈವ್ ಕೈಕೊಟ್ಟಿತು. ಅದನ್ನು ಸರಿಪಡಿಸಿದ ಅಂತರಸನಹಳ್ಳಿಯ ಅಂಗಡಿಯವರು ದೋಷವನ್ನು ಹುಡುಕಿದ ಬಗೆ ನನಗೆ ಬಹಳ ಮೆಚ್ಚುಗೆಯಾದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಚಕ್ ಖಾಲಿ ತಿರುಗುವಾಗ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಎಂ.ಎಸ್. (ಮೈಲ್ಡ್ ಸ್ಟೀಲ್) ಶಾಫ್ಟಿಗೆ 2 ಮಿಲಿಮೀಟರ್ ಕಟ್ ಹಾಕಿದ, ಅಂದರೆ ಅಷ್ಟು ಆಳಕ್ಕೆ ಕತ್ತರಿಸತೊಡಗಿದ ಕೂಡಲೇ ಅಂಡರ್ ವೋಲ್ಟೇಜ್ (ವೋಲ್ಟೇಜ್ ಕಡಿಮೆ) ಎಂದು ತೋರಿಸಿ ಡ್ರೈವ್ ಟ್ರಿಪ್ ಆಗಿ ನಿಲ್ಲುತ್ತಿತ್ತು. ಟೂಲ್ ಜಾಬಿನೊಳಗೆ (ಕತ್ತರಿಸುತ್ತಿದ್ದ ತುಂಡಿನೊಳಗೆ) ಕಚ್ಚಿಕೊಂಡು ಕಾರ್ಬೈಡ್ ಟಿಪ್ಪಿನ ಮೂಲೆ ಹಾರಿಹೋಗುತ್ತಿತ್ತು. ನಾಲ್ಕು ದಿನಗಳಲ್ಲಿ ಆರು ಟಿಪ್‌ಗಳು ಹೀಗೆ ಹಾಳಾದವು. ಲೈನಿನಲ್ಲೇ ವೋಲ್ಟೇಜ್ ಕಡಿಮೆ ಬರುತ್ತಿದೆ ಎಂದು ಭಾವಿಸಿ ನಾನು ಸ್ಟೆಬಿಲೈಸರ್ ಬೆಲೆ ವಿಚಾರಿಸುತ್ತಿದ್ದೆ. ಡ್ರೈವ್ ಮಾರಿದವರಿಗೆ ಫೋನ್ ಮಾಡಿದಾಗ, ಡಿಸ್‌ಪ್ಲೇಯ ಫೋಟೋ ಒಂದನ್ನಷ್ಟೇ ನೋಡಿ, ಪವರ್ ಬೋರ್ಡ್ ಹೋಗಿದೆ, 18,500 ರೂಪಾಯಿಗೆ ಹೊಸದು ಹಾಕಿಸಿಕೊಳ್ಳಿ ಎಂದರು.

ಅಂತರಸನಹಳ್ಳಿಯ ಅಂಗಡಿಯಿಂದ ಬಂದ ತಂತ್ರಜ್ಞರು ಡ್ರೈವ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಸರ್, ಇದು ನಿಲ್ಲುವುದು ಸ್ಟಾರ್ಟ್ ಮಾಡುವಾಗಲೋ, ಓಡುತ್ತಿರುವಾಗಲೋ, ನಿಲ್ಲಿಸುವಾಗಲೋ?" ಇದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಿಲ್ಲಿಸುವಾಗ ಟ್ರಿಪ್ ಆದರೆ, ತಿರುಗುತ್ತಿರುವ ಭಾರವಾದ ಚಕ್ಕು ಮೋಟಾರನ್ನೇ ಜನರೇಟರ್ ಮಾಡಿ ಡ್ರೈವ್‌ನೊಳಗಿನ ಡಿಸಿ ವೋಲ್ಟೇಜನ್ನು ಏರಿಸುತ್ತಿದೆ ಎಂದು ಮೊದಲು ಅನುಮಾನಿಸಬೇಕು, ಅದಕ್ಕೆ ನಿಲ್ಲುವ ಸಮಯವನ್ನು ಹೆಚ್ಚಿಸಬೇಕು ಅಥವಾ ಬ್ರೇಕಿಂಗ್ ರೆಸಿಸ್ಟರ್ ಹಾಕಬೇಕು. ಸ್ಟಾರ್ಟಿನಲ್ಲೇ ಓವರ್ ಕರೆಂಟ್ ಬಂದರೆ ಕೇಬಲ್, ಮೋಟಾರ್ ಮತ್ತು ವೇಗ ಏರುವ ಸಮಯವನ್ನು ನೋಡಬೇಕು ಎಂದು ಅವರು ಬಿಡಿಸಿ ಹೇಳಿದರು. ನಮ್ಮದು ಲೋಡ್ ಬಿದ್ದಾಗಿನ ತೊಂದರೆಯಾದ್ದರಿಂದ ಅವರು ಹಿಡಿದ ದಾರಿ ಬೇರೆಯಾಗಿತ್ತು.

ಅವರು ಡ್ರೈವ್‌ನ ಡಿಸ್‌ಪ್ಲೇಯಲ್ಲಿ ಡಿಸಿ ಬಸ್ ವೋಲ್ಟೇಜ್ (ಒಳಬಂದ ಎಸಿ ಡಿಸಿಯಾಗಿ ಕೆಪಾಸಿಟರುಗಳಲ್ಲಿ ನಿಲ್ಲುವ ಜಾಗದ ವೋಲ್ಟೇಜ್) ಕಾಣುವಂತೆ ಮಾಡಿಟ್ಟು, ಒಳಬರುವ ಮೂರು ಫೇಸ್‌ಗಳಿಗೆ ಮೀಟರ್ ಹಿಡಿದು, ನನಗೆ ಕಟ್ ಹಾಕಲು ಹೇಳಿದರು. ಲೇತ್ ನಿಂತಿದ್ದಾಗ ಬಸ್ 585 ವೋಲ್ಟ್ ಇತ್ತು. 415 ವೋಲ್ಟ್ ಎಸಿಯನ್ನು 1.414ರಿಂದ ಗುಣಿಸಿದರೆ ಬರುವುದು ಹೆಚ್ಚುಕಡಿಮೆ ಅಷ್ಟೇ. ಚಕ್ ಖಾಲಿ ತಿರುಗಿದಾಗ ಅದು 550ಕ್ಕೆ ಇಳಿಯಿತು. ಟೂಲ್ ಜಾಬಿಗೆ ತಾಗಿತೋ ಇಲ್ಲವೋ, 500, 450 ಎಂದು ಜಾರಿ, 400ರ ಕೆಳಗೆ ಹೋಗಿ ಡ್ರೈವ್ ನಿಂತಿತು. ಅಷ್ಟರಲ್ಲೂ ಹೊರಗಿನ ಮೂರು ಫೇಸ್‌ಗಳ ನಡುವಿನ ವೋಲ್ಟೇಜ್ 412ರ ಆಸುಪಾಸಿನಿಂದ ಅಲ್ಲಾಡಲಿಲ್ಲ. ಕರೆಂಟು ಸರಿಯಾಗಿಯೇ ಬರುತ್ತಿದೆ, ಡ್ರೈವ್‌ನ ಒಳಗೇ ಎಲ್ಲೋ ತಡೆ ಇದೆ ಎಂಬುದು ನನಗೂ ಕಣ್ಣಾರೆ ಕಂಡಿತು.

ಮೋಟಾರಿನ ಮೂರು ವೈರುಗಳನ್ನು ಡ್ರೈವ್‌ನಿಂದ ಬಿಡಿಸಿದ ಮೇಲೆಯೇ 500 ವೋಲ್ಟ್ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿದರು; ಬಿಡಿಸದೆ ಹಾಕಿದರೆ ಆ ವೋಲ್ಟೇಜಿಗೆ ಡ್ರೈವ್‌ನ ಐಜಿಬಿಟಿಗಳೇ (ಮೋಟಾರಿಗೆ ಕರೆಂಟು ಕೊಡುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳೇ) ಕೆಡಬಹುದು. ಮೋಟಾರ್ ಚೆನ್ನಾಗಿತ್ತು. ಮೇನ್ ಆಫ್ ಮಾಡಿ, ಹತ್ತು ನಿಮಿಷ ಕಾದು, ಬಸ್‌ನಲ್ಲಿ ಚಾರ್ಜ್ ಉಳಿದಿಲ್ಲವೆಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಂಡು, ಆಮೇಲೆ ಡ್ರೈವ್ ಬಿಚ್ಚಿ ಅಂಗಡಿಗೆ ಒಯ್ದರು. ಮರುದಿನ ನಾನೂ ಹೋಗಿದ್ದೆ. ಡ್ರೈವ್‌ಗೆ ಕರೆಂಟು ಕೊಟ್ಟ ಕ್ಷಣದಲ್ಲಿ ಖಾಲಿ ಕೆಪಾಸಿಟರ್‌ಗಳು ಒಮ್ಮೆಲೇ ಕರೆಂಟು ಎಳೆಯದಂತೆ ಒಂದು ರೆಸಿಸ್ಟರ್ ತಡೆಹಿಡಿಯುತ್ತದೆ, ಅವು ತುಂಬಿದ ಮೇಲೆ ಒಂದು ರಿಲೇ ಕೂಡಿಕೊಂಡು ಆ ರೆಸಿಸ್ಟರನ್ನು ಬದಿಗೆ ಸರಿಸುತ್ತದೆ. ನಮ್ಮ ಡ್ರೈವ್‌ನಲ್ಲಿ ರಿಲೇಯ ಟಿಕ್ ಶಬ್ದವೇನೋ ಬರುತ್ತಿತ್ತು. ಅದರ ಮುಚ್ಚಳ ಬಿಚ್ಚಿ ತೋರಿಸಿದಾಗ ಒಂದು ಕಾಂಟ್ಯಾಕ್ಟ್ ಒಗ್ಗರಣೆಯಲ್ಲಿ ಸೀದ ಸಾಸಿವೆಯಂತೆ ಕಪ್ಪಾಗಿತ್ತು. ಮೋಟಾರಿನ ಕರೆಂಟೆಲ್ಲ ಆ ಸಣ್ಣ ರೆಸಿಸ್ಟರಿನ ಮೂಲಕವೇ ಹರಿಯುತ್ತಿದ್ದುದರಿಂದ ಲೋಡ್ ಹೆಚ್ಚಿದಷ್ಟೂ ಬಸ್ ಕುಸಿಯುತ್ತಿತ್ತು. ರೆಸಿಸ್ಟರಿನ ಸುತ್ತಲಿನ ಬೋರ್ಡ್ ಕೂಡ ಕಂದುಬಣ್ಣಕ್ಕೆ ತಿರುಗಿತ್ತು. ಚಹಾದ ಹೊತ್ತಿಗೆ ಸ್ಟಾಪ್ ಬಟನ್ ಒತ್ತದೆ ನೇರವಾಗಿ ಮೇನ್ ಸ್ವಿಚ್ಚನ್ನೇ ಆಫ್ ಮಾಡುವ ನಮ್ಮ ಹುಡುಗರ ರೂಢಿ ಈ ಭಾಗವನ್ನು ಬೇಗ ಸವೆಸಿರಬೇಕು ಎಂದು ಅವರು ಹೇಳಿದ್ದು ನನಗೆ ಒಪ್ಪಿಗೆಯಾಯಿತು.

ರಿಲೇ, ರೆಸಿಸ್ಟರ್, ಬೀಡು ಕಬ್ಬಿಣದ ಪುಡಿ ಮತ್ತು ಎಣ್ಣೆಯ ಜಿಡ್ಡು ಸೇರಿ ಬಿಗಿದುಕೊಂಡಿದ್ದ ಫ್ಯಾನು, ಜೊತೆಗೆ ಬಸ್‌ನ ಎರಡು ಕೆಪಾಸಿಟರ್‌ಗಳನ್ನು ಬದಲಿಸಿದರು. ಕೆಪಾಸಿಟರ್‌ಗಳ ಅಳತೆಯನ್ನು ನನ್ನೆದುರೇ ನೋಡಿದ್ದರಿಂದ, ಅದರಲ್ಲೂ ಒಂದು ಬಹಳ ಇಳಿದಿದ್ದರಿಂದ, ಈ ಖರ್ಚಿನ ಬಗ್ಗೆ ನನಗೆ ತಕರಾರಿಲ್ಲ. ಸೀರೀಸ್‌ನಲ್ಲಿ ಕೂತ ಜೋಡಿಯಾದ್ದರಿಂದ ಎರಡನ್ನೂ ಒಟ್ಟಿಗೆ ಹಾಕಿದ್ದೂ ಸರಿಯೇ. ದುರಸ್ತಿಯಾದ ಮೇಲೆ ಮೊದಲ ಬಾರಿ ಕರೆಂಟು ಕೊಡುವಾಗ ಸೀರೀಸ್ ಬಲ್ಬ್ (ಒಳಗೆ ಶಾರ್ಟ್ ಇದ್ದರೆ ಕರೆಂಟನ್ನು ತಡೆಯುವ ಬಲ್ಬ್) ಹಾಕಿ ನೋಡಿದರು. ಶೇಕಡಾ 18 ಜಿಎಸ್‌ಟಿ ಸೇರಿ 4,720 ರೂಪಾಯಿಯ ಬಿಲ್ ಕೊಟ್ಟರು, ಹಳೆಯ ಬಿಡಿಭಾಗಗಳನ್ನು ಕವರಿನಲ್ಲಿ ಹಾಕಿ ಹಿಂದಿರುಗಿಸಿದರು.

ಒಂದು ವಿಷಯದಲ್ಲಿ ಮಾತ್ರ ಅವರ ಕೆಲಸ ನನಗೆ ಸಮಾಧಾನ ತರಲಿಲ್ಲ. ಪರೀಕ್ಷೆಗಾಗಿ ಡ್ರೈವ್ ಅನ್ನು ಕಂಪನಿ ಸೆಟ್ಟಿಂಗ್‌ಗೆ ತಂದವರು ನಮ್ಮ ಮೋಟಾರಿಗೆಂದು ಡ್ರೈವಿನಲ್ಲಿ ಹೊಂದಿಸಿದ್ದ ಹಳೆಯ ಪ್ಯಾರಾಮೀಟರ್‌ಗಳನ್ನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ. ಮೋಟಾರಿನ ನೇಮ್‌ಪ್ಲೇಟಿನಲ್ಲಿ 7.5 ಆಂಪಿಯರ್ ಇದ್ದರೆ ಡ್ರೈವ್‌ನಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿ ಉಳಿದಿತ್ತು. ಮೋಟಾರ್ ಓವರ್‌ಲೋಡ್ ಆದರೂ ಡ್ರೈವ್ ಅದನ್ನು ತಡವಾಗಿ ಗುರುತಿಸುವ ಸ್ಥಿತಿ ಅದು. ಲೇತ್ ಚಾಲೂ ಮಾಡುವ ಮೊದಲೇ ಇದನ್ನು ಗಮನಿಸಿ ಫೋನ್ ಮಾಡಿದಾಗ ಅದೇ ಸಂಜೆ ಬಂದು ಸರಿಪಡಿಸಿದರು, ಹಣ ಕೇಳಲಿಲ್ಲ. ಆದರೂ ಇಷ್ಟು ಎಚ್ಚರದಿಂದ ಅಳೆದು ನೋಡುವವರು ಈ ಸಣ್ಣ ಕೆಲಸವನ್ನು ಬಿಟ್ಟದ್ದು ನನಗೆ ಬೇಸರ ತಂದಿತು. ಅಲ್ಲಿಗೆ ಡ್ರೈವ್ ಒಯ್ಯುವವರು ಪ್ಯಾರಾಮೀಟರ್‌ಗಳನ್ನು ಮೊದಲೇ ಬರೆದಿಟ್ಟುಕೊಂಡು, ಮೋಟಾರಿನ ನೇಮ್‌ಪ್ಲೇಟಿನ ಫೋಟೋವನ್ನೂ ಜೊತೆಗೆ ಕೊಡುವುದು ಒಳ್ಳೆಯದು. ಭಾನುವಾರ ಅಂಗಡಿ ತೆರೆಯುವುದಿಲ್ಲ, ಬದಲಿ ಡ್ರೈವ್ ಕೊಡುವ ವ್ಯವಸ್ಥೆಯೂ ಇಲ್ಲ. ನಮ್ಮ ಲೇತ್ ಮೂರು ದಿನ ನಿಂತಿತ್ತು.

ಆರು ತಿಂಗಳಿಂದ ಅದೇ ಶಾಫ್ಟಿಗೆ 3 ಮಿಲಿಮೀಟರ್‌ವರೆಗೆ ಕಟ್ ಹಾಕುತ್ತಿದ್ದೇವೆ, ಬಸ್ 560ರ ಕೆಳಗೆ ಇಳಿದಿಲ್ಲ.