ಫ್ರೀ ಡೈಮಂಡ್ ಲಿಂಕ್ ಬಂದದ್ದು ಗೆಳೆಯನ ಹೆಸರಲ್ಲೇ

ನಮ್ಮ ಮನೆ ಕಲಬುರಗಿಯ ಆಳಂದ ರಸ್ತೆ ಕಡೆ. ತಮ್ಮ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ. ಹೊರಗೆ ಕಾಲಿಡಲಾಗದ ಬಿಸಿಲು. ಮಧ್ಯಾಹ್ನವೆಲ್ಲ ಕೂಲರ್ ಮುಂದೆ ಕೂತು ಮೊಬೈಲ್‌ನಲ್ಲಿ ಫ್ರೀ ಫೈರ್ ಮ್ಯಾಕ್ಸ್ ಗೇಮ್ ಆಡುತ್ತಿದ್ದ.

ಒಂದು ದಿನ ಅವನ ಸ್ಕ್ವಾಡ್‌ನ ಹುಡುಗನಿಂದ ಮೆಸೇಜ್ ಬಂತು. 'ಬ್ರೋ, ಈ ಕೋಡ್ ಹಾಕು, ಡೈಮಂಡ್ ಫ್ರೀ. ಇವತ್ತು ರಾತ್ರಿವರೆಗೆ ಮಾತ್ರ.' ಡೈಮಂಡ್ ಅಂದರೆ ಆ ಗೇಮ್ ಒಳಗಿನ ದುಡ್ಡು. ಜೊತೆಗೊಂದು ಲಿಂಕ್. ದಿನಾ ಜೊತೆಗೆ ಆಡುವ ಹುಡುಗ, ಇದೇ ಊರಿನವನು. ಅನುಮಾನ ಯಾಕೆ ಬರಬೇಕು? ಅವನ ಅಕೌಂಟ್ ಹಿಂದಿನ ದಿನವೇ ಕಳ್ಳರ ಕೈ ಸೇರಿತ್ತು ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಲಿಂಕ್ ಒತ್ತಿದರೆ ಫೇಸ್‌ಬುಕ್ ಲಾಗಿನ್ ಪುಟ. ಕೋಡ್ ಹಾಕಿ ಬಹುಮಾನ ಪಡೆಯಲು ಈ ಗೇಮ್‌ನದೇ ಅಸಲಿ ರಿಡೀಮ್ ಸೈಟ್ ಇದೆ, ಅದು ಕೂಡ ಮೊದಲು ಲಾಗಿನ್ ಕೇಳುತ್ತದೆ. ಹುಡುಗರು ಎಡವುವುದು ಇಲ್ಲೇ. ಬಣ್ಣ, ಲೋಗೋ, ಬಟನ್ ಎಲ್ಲ ಥೇಟ್ ಹಾಗೇ ಇತ್ತು. ಆಮೇಲೆ ನಾನು ಮೇಲಿನ ವಿಳಾಸವನ್ನು ಒಂದೊಂದೇ ಅಕ್ಷರ ಓದಿದೆ. ಫೇಸ್‌ಬುಕ್ ಹೆಸರಿನ ಎರಡು 'ಓ' ಜಾಗದಲ್ಲಿ ಎರಡು ಸೊನ್ನೆ ಕೂತಿದ್ದವು. ತಮ್ಮ ಮೊದಲ ಸಲ ಪಾಸ್‌ವರ್ಡ್ ಹಾಕಿದಾಗ 'ಪಾಸ್‌ವರ್ಡ್ ತಪ್ಪು' ಅಂತ ಬಂತಂತೆ. ಮತ್ತೆ ಹಾಕಿದ. ಒಟಿಪಿ ಕೇಳಿತು. ಫೇಸ್‌ಬುಕ್ ಅಕೌಂಟ್ ಅಪ್ಪನದು, ಹಾಗಾಗಿ ಅಪ್ಪನ ಫೋನ್ ನೋಡಿ ಅದನ್ನೂ ತುಂಬಿದ.

ಗೇಮ್ ಐಡಿ ಹೋಯಿತು. ಎರಡು ವರ್ಷ ಕೂಡಿಸಿದ ಸ್ಕಿನ್‌ಗಳೂ, ಅಂದರೆ ಗೇಮ್‌ನ ಬಟ್ಟೆ, ಗನ್‌ಗಳ ಅಲಂಕಾರಗಳೂ ಹೋದವು. ಮೂರನೇ ದಿನ ಸೇಡಂನಿಂದ ಮಾಮಾ ಫೋನ್ ಮಾಡಿದರು. 'ನಿನ್ನೆ ಕಳಿಸಿದ 8,000 ಮುಟ್ಟಿತೇನಪ್ಪ? ಆಸ್ಪತ್ರೆಯಲ್ಲಿ ಯಾರಿದ್ದಾರೆ?' ಅಪ್ಪನ ಹೆಸರಲ್ಲಿ ನೆಂಟರಿಗೆಲ್ಲ ಮೆಸೇಜ್ ಹೋಗಿತ್ತು.

ತಮ್ಮ ಗೋಡೆ ಕಡೆ ಮುಖ ಮಾಡಿ ಕೂತಿದ್ದ. 'ಅಪ್ಪ ಹೊಡೀತಾರಂತ ಹೇಳಲಿಲ್ಲ ಅಣ್ಣಾ' ಅಂದ. ಎರಡು ದಿನದಿಂದ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಅದು ನೆನಪಾಗಿ ಕರುಳು ಚುರುಕ್ ಅಂತು. ಗೇಮ್ ಅಂದರೆ ಸಾಕು, ಬೈದು ಬೈದು ಅವನ ಬಾಯಿ ಮುಚ್ಚಿಸಿದವರು ನಾವೇ ಅಲ್ವಾ?

ಮಾಮಾ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಕಳ್ಳರ ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ತಡೆಹಿಡಿಯಬಹುದು. ನಮ್ಮದು ಒಂದು ರಾತ್ರಿ ಕಳೆದಿತ್ತು, ಅಷ್ಟರಲ್ಲಿ ಬೇರೆ ಕಡೆ ದಾಟಿತ್ತು. ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಟ್ಟು ಕಾಯುತ್ತಿದ್ದೇವೆ.

ಹುಡುಗರೇ, ಇದೊಂದು ಗೊತ್ತಿರಲಿ. ದುಡ್ಡು ಕೊಟ್ಟು ನಿಮ್ಮ ಐಡಿಗೆ ಡೈಮಂಡ್ ಹಾಕಿಸಲು ಪ್ಲೇಯರ್ ಐಡಿ ನಂಬರ್ ಸಾಕು. ಡೈಮಂಡ್ ಕೊಡ್ತೀನಿ ಅಂತ ಯಾರಾದರೂ ಪಾಸ್‌ವರ್ಡ್, ಒಟಿಪಿ ಕೇಳಿದರೆ ಅವನು ಕಳ್ಳನೇ. ಗೆಳೆಯ ಲಿಂಕ್ ಕಳಿಸಿದರೆ ಮುಟ್ಟುವ ಮೊದಲು ಒಂದು ಫೋನ್ ಮಾಡಿ, ಅವನ ದನಿ ಕೇಳಿ.

ಅದೇ ಲಿಂಕ್ ತಮ್ಮನ ಹೆಸರಲ್ಲಿ ಸ್ಕ್ವಾಡ್‌ನ ಇನ್ನಿಬ್ಬರಿಗೂ ಹೋಗಿತ್ತು. ಅವತ್ತು ಸಂಜೆ ಅವನೇ ಇಬ್ಬರಿಗೂ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ಒಬ್ಬ ಆಗತಾನೆ ಪಾಸ್‌ವರ್ಡ್ ಹಾಕಿ ಒಟಿಪಿಗೆ ಕಾಯುತ್ತಿದ್ದನಂತೆ. ಫೋನ್ ಇಡದೆಯೇ ಪಾಸ್‌ವರ್ಡ್ ಬದಲಿಸಿದ. ಅವನ ಅಕೌಂಟ್ ಉಳಿಯಿತು.